ಖಾಲಿ ರಸ್ತೆಯ ಎಡಗಡೆ

ಕ್ಯಾಲಿಫೋರ್ನಿಯಾದ ಹೇವರ್ಡಿನ ಹಿಂದಿನ ಗುಡ್ಡಗಳನ್ನು ಮನೆಗಳು ಇನ್ನೂ ಹತ್ತದಿದ್ದ ಕಾಲ ಅದು. ನಮ್ಮ ಬೀದಿ ಮುಗಿದಲ್ಲಿ ಊರೂ ಮುಗಿಯುತ್ತಿತ್ತು. ಆಮೇಲೆ ಹುಲ್ಲು, ನೀಲಗಿರಿ ಮರಗಳು, ಮುಳ್ಳುತಂತಿಯ ಆಚೆ ಬಾಲ ಬೀಸುವ ನಾಲ್ಕು ಕುದುರೆ. ಎಂಬತ್ತರ ದಶಕದ ನಡುವಿನ ಒಂದು ವಸಂತ, ನನಗೆ ಹನ್ನೆರಡು. ಶಾಲೆಯ ಡಿಬೇಟ್ ತಂಡಕ್ಕೆ ಸೇರಿ ವರ್ಷವಾಗಿತ್ತು. ಮನೆಯಲ್ಲಿ ಯಾರೂ ಒಂದು ಮಾತನ್ನು ನೆಮ್ಮದಿಯಿಂದ ಆಡುವಂತಿರಲಿಲ್ಲ. "ಇವತ್ತು ಚಳಿ" ಎಂದು ಅಮ್ಮ ಅಂದರೆ, "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳುವ ಪ್ರಾಣಿ ನಾನು.

"ಇವ್ಳ್ ಬಾಯಿಗೊಂದ್ ಬೀಗ ತಂದ್ ಹಾಕ್ರೀ" ಎಂದು ಮಂಡ್ಯದ ನನ್ನ ಅಮ್ಮ ತಟ್ಟೆ ಕುಕ್ಕುತ್ತಿದ್ದಳು. ಅಪ್ಪನಿಗೆ ಮಾತ್ರ ಅದು ಹಬ್ಬ. ವಾಲ್ವ್ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಅವನು ಆಫೀಸಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಊಟಕ್ಕೆ ಕೂತ ಕೂಡಲೇ ತೋಳು ಮಡಚಿ, "ಹೂಂ, ಇವತ್ತಿನ ವಿಷಯ ಏನು ವಕೀಲಮ್ಮಾ?" ಅನ್ನುತ್ತಿದ್ದ. ಗೆಲ್ಲುವುದೂ ಅವನಿಗೆ ಇಷ್ಟ, ಸೋಲುವುದು ಇನ್ನೂ ಇಷ್ಟ. ನಾನು ಗೆದ್ದ ದಿನ ಅನ್ನ ಮುಗಿಸಿ ಎದ್ದು, ನನಗೆ ಮೊದಲು ಕೈ ತೊಳೆಯಲು ಬಿಡುತ್ತಿದ್ದ.

ಆ ವರ್ಷ ಅವನ ಅಕ್ಕ ಇಂಗ್ಲೆಂಡಿನಿಂದ ಒಂದು ತೆಳ್ಳನೆಯ ಪುಸ್ತಿಕೆ ಕಳಿಸಿದ್ದರು. ಅತ್ತೆ ಶ್ರಾಪ್‌ಶೈರ್ ಎಂಬ ಗುಡ್ಡಗಾಡಿನ ಚಿಕ್ಕ ಊರೊಂದರಲ್ಲಿ ಡಾಕ್ಟರು. ಪುಸ್ತಿಕೆಯ ತುಂಬ ಸೈಕಲ್ಲಿನಲ್ಲಿ ಹೋಗಬಹುದಾದ ಹಳ್ಳಿದಾರಿಗಳ ವಿವರ: ಚರ್ಚಿನ ಹಿಂದೆ ಎಡಕ್ಕೆ ತಿರುಗಿ, ತೊರೆ ದಾಟಿ, ಏರು ಮುಗಿದ ಮೇಲೆ ಗೇಟು ಮುಚ್ಚಲು ಮರೆಯಬೇಡಿ. ಎರಡೂ ಬದಿಗೆ ಆಳೆತ್ತರದ ಬೇಲಿ. ಗಂಟೆಗೆ ಒಂದು ಟ್ರಾಕ್ಟರು ಬಂದರೆ ಹೆಚ್ಚು. ನಕ್ಷೆಯಲ್ಲಿ ಏರು ಕಡಿದಾಗಿದ್ದಲ್ಲಿ ಒಂದು ಬಾಣದ ಗುರುತು, ಇನ್ನೂ ಕಡಿದಾಗಿದ್ದಲ್ಲಿ ಎರಡು. ಒಂದು ದಾರಿಯ ನಡುವೆ ಹುಲ್ಲು ಬೆಳೆದಿರುತ್ತದೆ ಎಂದೂ ಬರೆದಿತ್ತು.

"ನಡುವೆ ಹುಲ್ಲು ಬೆಳೆದ್ರೆ ಅದು ರೋಡ್ ಅಲ್ಲ ಅಪ್ಪಾ. ಬೈ ಡೆಫಿನಿಷನ್," ಎಂದೆ.

"ಹೋಗಿ ನೋಡೋಣ. ಹುಲ್ಲಿದ್ರೆ ನಾನ್ ಗೆದ್ದೆ, ಇಲ್ದಿದ್ರೆ ನೀನು," ಎಂದ ಅಪ್ಪ.

ಹಾಗೆ ಆ ಪ್ರವಾಸ ನಿಶ್ಚಯವಾಯಿತು. ಬೇಸಿಗೆ ರಜೆಯಲ್ಲಿ ಎರಡು ವಾರ, ಅಪ್ಪ ಮತ್ತು ನಾನು, ಎರಡು ಸೈಕಲ್ಲು. ನನ್ನ ಬದುಕಿನಲ್ಲಿ ಅದಕ್ಕಿಂತ ಮೊದಲು ಯಾವುದನ್ನೂ ಅಷ್ಟು ಬಯಸಿದ್ದು ನೆನಪಿಲ್ಲ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಆಟ ಆಡುತ್ತಿದ್ದೆವು. ಉಪ್ಪಿನ ಡಬ್ಬಿ ಚರ್ಚು, ಉಪ್ಪಿನಕಾಯಿ ಜಾಡಿ ಗುಡ್ಡ. ಅಪ್ಪ ಪುಸ್ತಿಕೆ ಓದುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡು ಎರಡು ಬೆರಳುಗಳನ್ನು ಸೈಕಲ್ಲಿನಂತೆ ನಡೆಸುತ್ತಿದ್ದೆ. ಬೆರಳಿಗೆ ಉಪ್ಪಿನಕಾಯಿ ಎಣ್ಣೆ ಹತ್ತಿದರೆ ದಾರಿ ತಪ್ಪಿದೆ ಎಂದರ್ಥ.

ತೊಡಕು ಒಂದೇ. ಅಲ್ಲಿ ವಾಹನಗಳು ಎಡಗಡೆ ಹೋಗುತ್ತವೆ. ಮೈಸೂರಿನಲ್ಲಿ ಸೈಕಲ್ಲು ಕಲಿತ ಅಪ್ಪನಿಗೆ ಅದು ಹುಟ್ಟುಗುಣ. ನಾನೋ, ಬಲಗಡೆಯ ಹುಡುಗಿ. ಅಮ್ಮ ಷರತ್ತು ಹಾಕಿದಳು:

"ಎಡಗಡೆ ತಪ್ದೆ ಓಡ್ಸೋದ್ ಬಂದ್ರೆ ಟಿಕೆಟ್ಟು. ಇಲ್ದಿದ್ರೆ ಇಬ್ರೂ ಮನೇಲ್ ಕೂತ್ಕೊಂಡು ಆ ಪುಸ್ತಕ ಓದ್ಕೊಳಿ."

ಶಾಲೆಯ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅಪ್ಪ ಸೀಮೆಸುಣ್ಣದಿಂದ ರಸ್ತೆ ಬರೆದ. ಗೆರೆ ನೇರವಾಗಿದ್ದಷ್ಟು ಹೊತ್ತು ಸರಿ. ತಿರುವು ಬಂದರೆ ನಾನು ಗೊತ್ತಿಲ್ಲದೆ ಬಲಕ್ಕೆ ಜಾರುತ್ತಿದ್ದೆ. "ನೋಡಿ, ಮತ್ ಬಲಕ್ಕೋದ್ಲು!" ಎಂದು ಅಮ್ಮ ಕಾರಿಗೊರಗಿ ಕೂಗುತ್ತಿದ್ದಳು. ಮುಂದಿನ ಶನಿವಾರ ಕೊನೆಯ ಪರೀಕ್ಷೆ, ಸೋಮವಾರದೊಳಗೆ ಟಿಕೆಟ್ಟು ತೆಗೆಯಬೇಕು.

ಆಗ ನನಗೆ ಹೊಳೆದದ್ದು ಕಣಿವೆ ರಸ್ತೆ. ಊರಿನ ಪೂರ್ವಕ್ಕೆ, ಗುಡ್ಡಗಳ ನಡುವೆ ಹೊರಳುತ್ತ ಹೋಗುವ ಆ ರಸ್ತೆಗೆ ನಾವು ಪ್ರತಿ ಭಾನುವಾರ ಬೆಳಗ್ಗೆ ಹೋಗುತ್ತಿದ್ದೆವು. ಸಮುದ್ರದ ಮಂಜು ಇನ್ನೂ ಕರಗಿರುತ್ತಿರಲಿಲ್ಲ. ರಸ್ತೆಯ ಅಂಚಿಗೆ ಕಾಡುಸೋಂಪಿನ ಗಿಡಗಳು. ಚಕ್ರಕ್ಕೆ ಸಿಕ್ಕಿ ನಲುಗಿದರೆ ಮದುವೆ ಊಟ ಮುಗಿದಂಥ ವಾಸನೆ. ಕಾರು ಕಂಡರೆ ಆ ದಿನದ ಸುದ್ದಿ.

"ಅಲ್ಲಿ ಎಡಗಡೆ ಓಡ್ಸೋಣ. ಲಾಟಲ್ಲಿ ನಿಜವಾದ್ ತಿರುವೇ ಇಲ್ಲ," ಎಂದೆ ಅಪ್ಪನಿಗೆ, ಅಮ್ಮ ಲಾಂಡ್ರಿ ಮಾಡುವಾಗ.

"ಹುಚ್ಚಾ ನಿಂಗೆ? ಅದು ಇಂಗ್ಲೆಂಡ್ ಅಲ್ಲ."

"ಆ ರೋಡಲ್ಲಿ ಗಾಡಿ ಬರಲ್ಲ ಅಂತ ಅಮ್ಮಂಗೆ ಹೇಳ್ದೋರು ಯಾರು?"

"ಬರಲ್ಲ ಅಂದ್ರೆ, ಹೆಚ್ಚಾಗಿ ಬರಲ್ಲ ಅಂತ."

"ಸೇಫ್ ಅಂದ್ರಿ. ಗಾಡಿ ಬರಲ್ಲ ಅನ್ನೋದು ನಿಜ ಆದ್ರೆ ಎಡಗಡೇನೂ ಸೇಫ್. ಎಡಗಡೆ ಸೇಫ್ ಅಲ್ಲ ಅಂದ್ರೆ, ಗಾಡಿ ಬರುತ್ತೆ. ಹಾಗಾದ್ರೆ ಅಮ್ಮಂಗೆ ಸುಳ್ಳ್ ಹೇಳಿದೀರ. ವಿಚ್ ಒನ್?"

ಎದುರಾಳಿಯ ಮಾತನ್ನೇ ಅವರ ಕುತ್ತಿಗೆಗೆ ಸುತ್ತುವುದು. ತಂಡದಲ್ಲಿ ನಮಗೆ ಕಲಿಸಿದ್ದ ಮೊದಲ ವಿದ್ಯೆ. ಇದಕ್ಕೆ ಉತ್ತರವಿತ್ತು, ಯಾರಿಗಾದರೂ ಹೊಳೆಯುವಂಥದ್ದು: ಬಲಗಡೆ ಹೋಗುವವನು ಅಪರೂಪಕ್ಕೆ ಬರುವ ಒಂದು ಗಾಡಿಯಿಂದಲೂ ಬದುಕಿಕೊಳ್ಳುತ್ತಾನೆ. ಅಪ್ಪ ನಕ್ಕ. ಎರಡೂ ಕೈ ಮೇಲೆತ್ತಿ, "ಸೋತೆ ಕಣೇ. ಆದ್ರೆ ಮುಂದೆ ನಾನಿರ್ತೀನಿ, ನೀನು ಹಿಂದೆ. ಅಮ್ಮಂಗೆ ಹೇಳ್ಬೇಡ," ಎಂದ.

ಆ ಭಾನುವಾರ ಏರು ಮುಗಿಸಿ ಇಳಿಜಾರಿಗೆ ಬರುವಷ್ಟರಲ್ಲಿ ಆರೇಳು ತಿರುವು ದಾಟಿದ್ದೆವು. ಒಂದರಲ್ಲೂ ನಾನು ತಪ್ಪಲಿಲ್ಲ. "ಪಾಸ್!" ಎಂದು ಅಪ್ಪ ತಿರುಗದೆಯೇ ಕೂಗಿದ. ನಾನು ಏನೋ ಹಾಡುತ್ತಿದ್ದೆ.

ತಿರುವಿನಾಚೆಯಿಂದ ಪಿಕಪ್ ಬಂತು, ಹಿಂದೆ ಕುದುರೆ ಸಾಗಿಸುವ ಟ್ರೇಲರ್ ಕಟ್ಟಿಕೊಂಡು. ತನ್ನ ಬಲಗಡೆಯಲ್ಲೇ ಬರುತ್ತಿತ್ತು, ಅಂದರೆ ನಮ್ಮ ಎಡಗಡೆ. ಅಪ್ಪ ಬ್ರೇಕು ಹಿಡಿದು ಇನ್ನಷ್ಟು ಎಡಕ್ಕೆ, ಅಂಚಿಗೆ ಸರಿದ. ಮೈಸೂರಿನಲ್ಲಿ ಎದುರು ಬಸ್ಸು ಬಂದರೆ ಸರಿಯುವುದು ಆ ಕಡೆಗೇ. ಪಿಕಪ್ ಓಡಿಸುತ್ತಿದ್ದ ಹೆಂಗಸು ತನ್ನ ಅಂಚಿಗೆ ಸರಿದಳು. ಇಬ್ಬರಿಗೂ ಅದು ಒಂದೇ ಅಂಚು. ಇಬ್ಬರೂ ದಾರಿ ಬಿಡುತ್ತಲೇ ಒಬ್ಬರಿಗೊಬ್ಬರು ಹತ್ತಿರವಾದದ್ದನ್ನು ನಾನು ಹಿಂದಿನಿಂದ ನೋಡಿದೆ. ನನ್ನ ಕೈ ಮಾತ್ರ, ಒಂದು ತಿಂಗಳ ಅಭ್ಯಾಸವನ್ನೆಲ್ಲ ಮರೆತು, ಬಲಕ್ಕೆ ಎಳೆಯಿತು. ಖಾಲಿ ಬದಿಗೆ. ನನಗೆ ಒಂದು ಗೀರೂ ಆಗಲಿಲ್ಲ.

ಸದ್ದು ಅಷ್ಟೇನೂ ದೊಡ್ಡದಾಗಿರಲಿಲ್ಲ. ಇವತ್ತಿಗೂ ನಂಬಲಾಗದ್ದು ಅದು. ಕುರ್ಚಿ ಬಿದ್ದಂತೆ ಕೇಳಿಸಿತು. ಅಪ್ಪ ಬೇಲಿಯ ಬುಡದಲ್ಲಿದ್ದ. ಎಡಗಾಲು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಕಟ್ಟಿಕೊಂಡು ಬಂದಿದ್ದ ಬುತ್ತಿಡಬ್ಬಿಯ ಮುಚ್ಚಳ ಹಾರಿ ಚಿತ್ರಾನ್ನ ರಸ್ತೆಯ ಹಳದಿ ಗೆರೆಯ ಮೇಲೆ ಚೆಲ್ಲಿತ್ತು, ಮತ್ತು ನಾನು ನೋಡುತ್ತ ನಿಂತದ್ದು ಅಪ್ಪನನ್ನಲ್ಲ, ಆ ಅನ್ನವನ್ನು. ಯಾಕೆ ಎಂದು ಕೇಳಬೇಡಿ.

ಪಿಕಪ್ಪಿನ ಹೆಂಗಸು ಇಳಿದು ಬಂದಳು. ಅಜ್ಜಿಯ ವಯಸ್ಸು. "ವೈ ವರ್ ಯೂ ಓವರ್ ಹಿಯರ್? ವೈ ವರ್ ಯೂ ಓವರ್ ಹಿಯರ್?" ಎಂದು ಅದನ್ನೇ ಕೇಳಿದಳು. ಆಮೇಲೆ ಫೋನಿರುವ ಮನೆ ಹುಡುಕಿಕೊಂಡು ಗಾಡಿ ಓಡಿಸಿದಳು. ಉಳಿದದ್ದು ನಾವಿಬ್ಬರು.

"ಕೈ ಆಡ್ಸು ವಸು. ಕಾಲಾಡ್ಸು. ಸರಿ ಇದೀಯಾ?" ಎಂದ ಅಪ್ಪ. ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಅಪ್ಪಾ, ನಾನೇ..."

"ಸುಮ್ನಿರು."

ಅವನು ನನಗೆ ಆ ಪದ ಹೇಳಿದ್ದು ಅದೇ ಮೊದಲು.

ಪೊಲೀಸಿನವನು ಬಂದು ಬರೆದುಕೊಳ್ಳುವಾಗ ಅಪ್ಪ ಸ್ಟ್ರೆಚರಿನ ಮೇಲಿನಿಂದ ಇಂಗ್ಲಿಷಿನಲ್ಲಿ ಹೇಳಿದ: "ನಾನು ಇಂಡಿಯಾದವನು. ಅಲ್ಲಿ ಎಡಗಡೆ. ಮರೆತುಬಿಟ್ಟೆ." ಸ್ಪಷ್ಟವಾಗಿ, ನಿಧಾನವಾಗಿ. ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ಡ್ರಾಯಿಂಗ್ ಹರಿದು ಮತ್ತೆ ಬರೆಯುತ್ತಿದ್ದ ನನ್ನಪ್ಪ ನನ್ನ ಕಣ್ಣೆದುರೇ ಸುಳ್ಳು ಹೇಳಿದ. ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದ ನಾನು, ನಿಜಕ್ಕೆ ಇದ್ದ ಒಂದೇ ಪುರಾವೆಯಾಗಿದ್ದೂ, ಬಾಯಿ ಮುಚ್ಚಿಕೊಂಡು ನಿಂತೆ.

ಆಸ್ಪತ್ರೆಯಲ್ಲಿ ಅಮ್ಮ ಅಳಲಿಲ್ಲ, ಬೈದಳು. "ಹದ್‌ಮೂರ್ ವರ್ಷದಿಂದ ಈ ದೇಶದಲ್ ಗಾಡಿ ಓಡಿಸ್ತಿದೀರ. ಮರ್ತೋಯ್ತಾ? ಮಗೂನ್ ಹಿಂದಿಟ್ಕೊಂಡು ಮರ್ತೋಯ್ತಾ?"

"ರಸ್ತೆ ಖಾಲಿ ಇತ್ತು ಜಯಾ. ನಾಲ್ಕ್ ಗಾಡಿ ಇದ್ರೆ ಅವುಗಳ ಜೊತೆ ಹೋಗ್ತೀವಿ. ಯಾರೂ ಇಲ್ದಿದ್ರೆ ಕೈ ಹಳೇ ಕಡೆಗೇ ಹೋಗುತ್ತೆ."

ಎಷ್ಟು ನಂಬುವಂಥ ವಾದ! ಅಮ್ಮ ನಂಬಿದಳು. ಯುಗಾದಿಗೆ ಸೇರಿದ ಕನ್ನಡದವರೆಲ್ಲ ನಂಬಿದರು. "ನಮ್ ಮೈಸೂರ್ನೋರು ಕ್ಯಾಲಿಫೋರ್ನಿಯಾನ ಬೃಂದಾವನ ಅಂದ್ಕೊಂಡ್ಬಿಟ್ರು" ಎಂದು ಯಾರೋ ಅಂಕಲ್ ತಮಾಷೆ ಮಾಡಿದರೆ, ಊರುಗೋಲು ಹಿಡಿದ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಹೋಳಿಗೆ ತಿನ್ನುತ್ತಿದ್ದೆ.

ಟಿಕೆಟ್ಟು ತೆಗೆಯಲಿಲ್ಲ. ಎಡ ಮಂಡಿ ಮತ್ತೆ ಪೂರ್ತಿ ಮಡಚಲಿಲ್ಲ, ಹಾಗಾಗಿ ಸೈಕಲ್ಲೂ ಮುಗಿಯಿತು. ಅತ್ತೆ ನಿವೃತ್ತಿಯಾಗಿ ಆ ಊರು ಬಿಟ್ಟರು. ಕಣಿವೆ ರಸ್ತೆಯ ಬಾಯಿಗೆ ಈಗ ಮನೆಗಳು ಬಂದಿವೆ. ಭಾನುವಾರ ಬೆಳಗ್ಗೆಯೂ ಕಾರುಗಳು ಸಾಲಾಗಿ ಹೋಗುತ್ತವೆ. ಇವೆಲ್ಲ ಕಳೆದುಕೊಂಡದ್ದರ ಪಟ್ಟಿಗೆ ಸೇರಬೇಕಾದವೇ. ಆದರೆ ನನ್ನ ಪಟ್ಟಿಯಲ್ಲಿ ಇವು ಮೇಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನನ್ನೊಂದಿಗೆ ವಾದ ಮಾಡುವುದನ್ನು ನಿಲ್ಲಿಸಿದ. ಮೊದಮೊದಲು ನೋವಿಗೆ ಎಂದುಕೊಂಡೆ. ಬೇಕೆಂದೇ ಅಸಂಬದ್ಧ ಮಾತು ಎಸೆದೆ: ಭೂಮಿ ಚಪ್ಪಟೆ, ಅನ್ನ ತಿನ್ನುವವರೆಲ್ಲ ದಡ್ಡರು. "ಇರಬಹುದು ಮರಿ" ಎನ್ನುತ್ತಿದ್ದ ಅವನು, ಸಾರು ಕಲಸಿಕೊಳ್ಳುತ್ತ. ಕಾಲೇಜಿನಲ್ಲಿ ನಾನು ಡಿಬೇಟ್ ಕಪ್‌ಗಳನ್ನು ಗೆದ್ದೆ. ಮನೆಯ ಮೇಜಿನಲ್ಲಿ ನನಗೆ ಎದುರಾಳಿಯೇ ಇರಲಿಲ್ಲ.

ಹೋದ ತಿಂಗಳು ಧೈರ್ಯ ಮಾಡಿದೆ. ಅಪ್ಪ ಹಿತ್ತಲಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. "ಅಪ್ಪಾ, ಅವತ್ತು ಎಡಗಡೆ ಹೋಗೋಣ ಅಂತ ಒಪ್ಸಿದ್ದು ನಾನು. ತಪ್ಪು ನಂದು," ಎಂದೆ.

ಎದುರುವಾದದ ಅಂಶಗಳೆಲ್ಲ ನನಗೇ ಗೊತ್ತಿದ್ದವು. ನನಗೆ ಹನ್ನೆರಡು, ಅವನಿಗೆ ನಲವತ್ತು. ಬೇಡ ಎನ್ನುವ ಅಧಿಕಾರ ಅವನದು. ಗಾಡಿ ಬರುವ ಮೊದಲು ಹಾರ್ನ್ ಕೇಳಿಸಿರಲಿಲ್ಲ. ಒಂದನ್ನಾದರೂ ಹೇಳು, ಯಾವುದಾದರೂ ಒಂದನ್ನು, ನಾನು ಸೋಲುತ್ತೇನೆ ಎಂದು ಕಾದು ನಿಂತೆ.

ಅಪ್ಪ ಕಿತ್ತಳೆಯ ಅರ್ಧ ಭಾಗ ನನ್ನ ಕೈಗಿಟ್ಟ.

"ನೀನ್ ಹೇಳಿದ್ದೇ ಸರಿ ಮರಿ," ಎಂದ.