ಪೂವಮ್ಮನ ಬೆಣ್ಣೆ ಜೀಪು

ಬೆಳಗಾಗುವ ಮೊದಲು ಪೂವಮ್ಮ ಒಲೆಯ ಬೂದಿ ತೆಗೆಯಬೇಕು, ಬಚ್ಚಲಿನ ಹಂಡೆಗೆ ನೀರು ತುಂಬಿ ಬೆಂಕಿ ಹಾಕಬೇಕು, ಹಟ್ಟಿಯ ಸೆಗಣಿ ಬಾಚಬೇಕು, ಹಾಲು ಕರೆಯಬೇಕು, ಗಂಜಿಗೆ ನೀರಿಡಬೇಕು, ಚಟ್ನಿ ಅರೆಯಬೇಕು, ಅತ್ತೆ ಸೇಸಮ್ಮನ ಎಲೆಅಡಿಕೆ ತಟ್ಟೆಯನ್ನು ಹಾಸಿಗೆಯ ಬಳಿಗೆ ಮುಟ್ಟಿಸಬೇಕು, ಮೊಸರು ಕಡೆಯಬೇಕು, ಜೀಪು ತಳ್ಳಬೇಕು.

ಕೊನೆಯ ಕೆಲಸ ಲಾಯಿಲ ಊರಿನ ಬೇರೆ ಯಾವ ಹೆಂಗಸಿಗೂ ಇರಲಿಲ್ಲ. ಗಂಡ ಚನಿಯಪ್ಪ ಬಂಟ್ವಾಳದ ಕಂಟ್ರಾಕ್ಟರೊಬ್ಬರಿಂದ ಕೊಂಡ ಹಳೆಯ ಜೀಪು ಅದು. ಯಾರೋ ಅದರ ಪೆಟ್ರೋಲ್ ಇಂಜಿನು ಕಿತ್ತು ಡೀಸೆಲ್ ಇಂಜಿನು ಕೂರಿಸಿದ್ದರು. ನಾಲ್ಕೂ ಚಕ್ರಕ್ಕೆ ಬಲ ಉಂಟೆಂದು ಚನಿಯಪ್ಪ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಕಕ್ಕಿಂಜೆಯವರೆಗೆ ಜನ, ಕೋಳಿ, ಬಾಳೆಗೊನೆ ಎಲ್ಲವನ್ನೂ ಒಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದ. ಬೆಳಿಗ್ಗೆ ಮಾತ್ರ ಆ ನಾಲ್ಕು ಚಕ್ರಗಳ ಬಲವೆಲ್ಲ ಪೂವಮ್ಮನ ಎರಡು ಕೈಗಳಿಂದ ಬರಬೇಕಿತ್ತು. ಚನಿಯಪ್ಪ ಸ್ಟೇರಿಂಗ್ ಹಿಡಿದು ಕೂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದ. ಅಂಗಳದ ಇಳಿಜಾರಿನಲ್ಲಿ ಜೀಪು ಕೆಮ್ಮಿ ಎದ್ದ ಮೇಲೆ ಅದನ್ನು ನಿಲ್ಲಿಸುವಂತಿಲ್ಲ. ಅವನ ಸ್ನಾನ, ಗಂಜಿ, ಬೀಡಿ ಎಲ್ಲ ಮುಗಿಯುವವರೆಗೆ ಅದು ಅಂಗಳದಲ್ಲಿ ಚಳಿಜ್ವರ ಬಂದವರ ಹಾಗೆ ನಡುಗುತ್ತ ನಿಂತಿರುತ್ತಿತ್ತು.

ಆ ನಡುಕದ ಗುಣ ಪೂವಮ್ಮನಿಗೆ ಗೊತ್ತಾದದ್ದು ತವರಿಗೆ ಹೋದ ದಿನ. ಕಕ್ಕಿಂಜೆಯಲ್ಲಿದ್ದ ತಾಯಿಗೆಂದು ತಿರುಪು ಮುಚ್ಚಳದ ಡಬ್ಬಿಯಲ್ಲಿ ಮೊಸರು ತುಂಬಿ, ಕಾಲ ಬಳಿ ಇಟ್ಟುಕೊಂಡು ಹೊರಟಿದ್ದಳು. ಇಳಿದು ತೆರೆದರೆ ಮಜ್ಜಿಗೆಯ ಮೇಲೆ ಬೆಣ್ಣೆ ಮುದ್ದೆಯಾಗಿ ತೇಲುತ್ತಿತ್ತು. ಮಗಳು ಗಂಡನ ಮನೆಯಲ್ಲಿ ಚುರುಕಾಗಿದ್ದಾಳೆ ಎಂದು ತಾಯಿ ಹೊಗಳಿದಳು. ಪೂವಮ್ಮ ಡಬ್ಬಿಯನ್ನೊಮ್ಮೆ, ನಡುಗುತ್ತಿದ್ದ ಜೀಪನ್ನೊಮ್ಮೆ ನೋಡಿದಳು.

ಮರುದಿನದಿಂದ ಕಡಗೋಲು ಮೂಲೆ ಸೇರಿತು. ಅದುವರೆಗೆ ಆ ಮನೆಯಲ್ಲಿ ಬೆಣ್ಣೆ ಬೆಳ್ತಂಗಡಿಯ ಹೋಟೆಲಿಗೆ, ಮಜ್ಜಿಗೆ ಗಂಡನಿಗೆ, ರಟ್ಟೆನೋವು ಪೂವಮ್ಮನಿಗೆ ಎಂದು ಪಾಲಾಗಿತ್ತು. ಈಗ ಅವಳು ಡಬ್ಬಿಯನ್ನು ಮುಂದಿನ ಸೀಟಿಗೆ ಹಗ್ಗದಿಂದ ಬಿಗಿದು, ಪಕ್ಕದಲ್ಲಿ ತಾನೂ ಕೂತುಬಿಡುತ್ತಿದ್ದಳು. ಇಡೀ ದಿನದಲ್ಲಿ ಅವಳು ಏನನ್ನೂ ಹಿಡಿಯದೆ, ಹೆಚ್ಚದೆ, ಉಜ್ಜದೆ ಕೂರುವುದು ಆಗ ಮಾತ್ರ. ಕಡೆಯುವ ಸದ್ದಿಗಾಗಿ ಒಳಗಿನಿಂದಲೇ ಕಿವಿಗೊಡುವ ಸೇಸಮ್ಮನಿಗೆ ಜೀಪಿನ ಗಡಗಡದಲ್ಲಿ ಏನೂ ಕೇಳುತ್ತಿರಲಿಲ್ಲ. ಬೆಣ್ಣೆ ಬರುತ್ತಿದ್ದುದರಿಂದ ಅವರೂ ಕೇಳಲು ಹೋಗಲಿಲ್ಲ.

ಆದರೆ ಜೀಪು ದಿನದಿಂದ ದಿನಕ್ಕೆ ಕೆಟ್ಟಿತು. ಏರು ಬಂದಲ್ಲಿ ಜನ ಇಳಿದು ನಡೆಯಬೇಕಾಯಿತು. ಗಂಡಸರು ಕಾಯಿಲೆ ಹುಡುಕಲು ಹೊರಟರು. ನೆರೆಯ ಸುಬ್ಬಪ್ಪ ಚಕ್ರದ ಬೋಲ್ಟು ಬಿಗಿಯಬೇಕೆಂದ. ಚಹಾದಂಗಡಿಯವರು ಸೀಟಿನ ಅಡಿಗೆ ಗೋಣಿ ಹಾಸಲು ಹೇಳಿದರು. ನಡುಕ ಹೋಗದಿದ್ದರೂ ತಿಳಿಯುವುದಿಲ್ಲವಲ್ಲ. ಸೇಸಮ್ಮ ಕಣ್ಣುದೃಷ್ಟಿ ಎಂದು ಬಾನೆಟ್ಟಿಗೆ ಉಪ್ಪುಮೆಣಸು ನಿವಾಳಿಸಿದರು. ಚನಿಯಪ್ಪ ಧರ್ಮಸ್ಥಳಕ್ಕೆ ಹರಕೆ ಹೊತ್ತ, ಆಮೇಲೆ ಬಂಟ್ವಾಳದ ಮೆಕ್ಯಾನಿಕ್ ಹಾಜಬ್ಬನಿಗೆ ಹೇಳಿಕಳಿಸಿದ.

ಹಾಜಬ್ಬ ಬಸ್ಸಿನಲ್ಲಿ ಬಂದವನು ಚನಿಯಪ್ಪ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ. ಬಳಿಕ, ಮಾತು ಸಾಕು, ಇಂಜಿನು ಹೇಳುವುದನ್ನು ಕೇಳುವ ಎಂದ. ಮುನಿಸಿಕೊಂಡ ಚನಿಯಪ್ಪ ಚಹಾದಂಗಡಿಯ ಕಡೆ ಹೋದ. ಆದ್ದರಿಂದ ಬಟ್ಟೆಚೂರು ಹಿಡಿದು ನಿಲ್ಲುವ ಕೆಲಸವೂ ಪೂವಮ್ಮನ ಪಾಲಿಗೆ ಬಂತು.

ಇಂಜಿನಿನ ಮೇಲೆ ಡೀಸೆಲ್ ಒಳಗೊಯ್ಯುವ ನಾಲ್ಕು ಸಣ್ಣ ಕೊಳವೆಗಳು, ಒಂದೊಂದರ ತುದಿಗೆ ಒಂದೊಂದು ನಟ್ಟು. ಹಾಜಬ್ಬ ಓಡುತ್ತಿದ್ದ ಇಂಜಿನಿನ ಮೊದಲ ನಟ್ಟನ್ನು ಸ್ಪಾನರಿನಲ್ಲಿ ತುಸು ಸಡಿಲಿಸಿದ. ಒಳಗೆ ಹೋಗಬೇಕಾದ ಡೀಸೆಲ್ ಹೊರಗೆ ಒಸರಿತು, ಜೀಪು ಇನ್ನೂ ಜೋರಾಗಿ ಕುಲುಕಿತು. ಬಿಗಿದು ಎರಡನೆಯದನ್ನು ಸಡಿಲಿಸಿದ. ಆಗಲೂ ಹಾಗೆಯೇ. ಮೂರನೆಯದನ್ನು ಸಡಿಲಿಸಿದಾಗ ಏನೂ ಬದಲಾಗಲಿಲ್ಲ. ನಾಲ್ಕನೆಯದಕ್ಕೆ ಮತ್ತೆ ಕುಲುಕಾಟ.

"ಸಿಕ್ಕಿದ ಕಳ್ಳ," ಎಂದ ಹಾಜಬ್ಬ. "ಇದು ನಾಲ್ಕು ಜನರ ಮನೆ ಅಕ್ಕ. ಮೂವರು ದುಡಿಯುತ್ತಾರೆ, ಈ ಮೂರನೇ ಕೊಳವೆಯವನು ಮಾತ್ರ ತಿಂದು ಮಲಗುತ್ತಾನೆ. ಮನೆ ಅಲುಗಾಡದೆ ಇರ್ತದಾ?"

"ಒಬ್ಬನೇ ಮಲಗಿದ್ದಕ್ಕೆ ಇಷ್ಟು ಗಲಾಟೆಯಾ?" ಎಂದಳು ಪೂವಮ್ಮ. "ನಮ್ಮಲ್ಲಿ ಒಬ್ಬಳು ದುಡಿದರೂ ಮನೆ ಅಲುಗುವುದಿಲ್ಲ."

ಹಾಜಬ್ಬ ನಕ್ಕು, ಮೂರನೆಯವನಿಗೆ ಡೀಸೆಲ್ ಚಿಮುಕಿಸುವ ನಾಜಲ್ಲನ್ನು ಬಿಚ್ಚಿ ತೋರಿಸಿದ. ಅದರ ಬಾಯಿಗೆ ಸೀದ ಗಂಜಿಯ ತಳದಂತೆ ಮಸಿ ಹಿಡಿದಿತ್ತು. ತಾನು ತಂದಿದ್ದ ಬೇರೆಯದನ್ನು ಕೂರಿಸತೊಡಗಿದ. ಪೂವಮ್ಮ ಬಟ್ಟೆಚೂರು ಮಡಚುತ್ತ ಮೆಲ್ಲನೆ ಕೇಳಿದಳು.

"ಒಳ್ಳೆಯವನ ನಟ್ಟು ಸಡಿಲ ಮಾಡಿದರೆ ಅವನೂ ಮಲಗುತ್ತಾನಲ್ಲ ಹಾಜಬ್ಬಣ್ಣ?"

"ಮಲಗ್ತಾನೆ. ಬಿಗಿ ಮಾಡಿದರೆ ಏಳ್ತಾನೆ."

"ಇಂಜಿನಿಗೆ ಕೇಡು ಉಂಟಾ?"

"ಸ್ವಲ್ಪ ಹೊತ್ತಿಗೆ ಏನಾಗ್ತದೆ? ನಾಲ್ಕು ಹನಿ ಎಣ್ಣೆ ಹೋಗ್ತದೆ. ಚಿಮ್ಮುವಲ್ಲಿಗೆ ಬೆರಳು ಕೊಂಡುಹೋಗಬಾರದು, ಅಷ್ಟೆ. ಯಾಕಕ್ಕ?"

ಸುಮ್ಮನೆ ಕೇಳಿದೆ ಎಂದಳು ಪೂವಮ್ಮ.

ಮರುದಿನ ಬೆಳಿಗ್ಗೆ ಜೀಪು ತಳ್ಳುವ ಕೆಲಸವೇ ಇರಲಿಲ್ಲ. ಚನಿಯಪ್ಪ ಕೀ ತಿರುಗಿಸಿದ್ದೇ ಎದ್ದಿತು. ಅಜ್ಜಿ ಮಣಿ ಎಣಿಸಿದ ಹಾಗೆ ಒಂದೇ ಲಯದಲ್ಲಿ ಗುನುಗಿತು. ಹೆಂಡತಿಗೆ ಎಂಥಾ ಉಪಕಾರ ಮಾಡಿದೆ ಎಂಬ ಮುಖದಲ್ಲಿ ಅವನು, ಇನ್ನು ನಿನಗೆ ಆರಾಮ ಮಾರಾಯ್ತಿ ಎಂದ. ಅಭ್ಯಾಸಬಲದಿಂದ ಜೀಪನ್ನು ನಿಲ್ಲಿಸದೆಯೇ ಸ್ನಾನಕ್ಕೆ ಹೋದ.

ಪೂವಮ್ಮ ಡಬ್ಬಿಯನ್ನು ಸೀಟಿಗೆ ಕಟ್ಟಿ ಕೂತಳು. ಕಾದಳು. ಮುಚ್ಚಳ ತೆರೆದರೆ ಮೊಸರು ಮೊಸರಾಗಿಯೇ ಕೂತಿತ್ತು.

"ಪೂವಮ್ಮ," ಒಳಗಿನಿಂದ ಸೇಸಮ್ಮ ಕರೆದರು. "ಜೀಪಿನ ಗಲಾಟೆ ನಿಂತಿತು, ಕಡಗೋಲಿನ ಸದ್ದೂ ಇಲ್ಲ. ಇಷ್ಟು ದಿನ ಬೆಣ್ಣೆಯನ್ನು ಯಾರು ಕಡೆದದ್ದು?"

"ಶುರು ಮಾಡ್ತೇನೆ ಅತ್ತೆ."

ಜಗಲಿಯ ಮೂಲೆಯಲ್ಲಿ ಕಡಗೋಲು ಗೋಡೆಗೊರಗಿ ನಿಂತಿತ್ತು. ಜೀಪಿನ ಸೀಟಿನಡಿಯ ಪೆಟ್ಟಿಗೆಯಲ್ಲಿ ಸ್ಪಾನರು ಇತ್ತು. ಬಚ್ಚಲಿನಲ್ಲಿ ಚನಿಯಪ್ಪ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಅವನು ಮೈ ಒರೆಸಿ ಗಂಜಿಗೆ ಕೂತು, ಉಪ್ಪಿನಕಾಯಿ ಕೇಳಿ, ಬೀಡಿ ಹಚ್ಚುವವರೆಗೆ ಹೊತ್ತು ಬೇಕಷ್ಟು ಉಂಟು. ಈಗ ಒಂದು ನಟ್ಟು ಸಡಿಲಿಸಿ ಜೀಪು ಕುಲುಕಿಸಿ, ಅವನು ಹೊರಡುವ ಮೊದಲು ಬಿಗಿದುಬಿಟ್ಟರೆ ಕಕ್ಕಿಂಜೆಯ ಜನ ಏರಿನಲ್ಲಿ ನಡೆಯಬೇಕಾಗಿಲ್ಲ. ತಳ್ಳುವ ಕೆಲಸವೂ ತಪ್ಪಿತು, ಕಡೆಯುವ ಕೆಲಸವೂ ತಪ್ಪೀತು. ಎರಡೂ ತಪ್ಪಿದರೆ ಅದು ಹೆಚ್ಚಾಯಿತೇ? ಪೂವಮ್ಮ ಯೋಚಿಸಿ ನೋಡಿದಳು. ಹೆಚ್ಚಾಯಿತೆಂದು ಅವಳಿಗೆ ಅನ್ನಿಸಲಿಲ್ಲ.

ಬಾನೆಟ್ಟು ಎತ್ತಿ, ಎಣ್ಣೆ ಬೀಳುವಲ್ಲಿಗೆ ತೆಂಗಿನ ಗೆರಟೆಯೊಂದನ್ನು ಒತ್ತಿ ಇಟ್ಟಳು. ಸ್ಪಾನರು ಅಭ್ಯಾಸದಿಂದೆಂಬಂತೆ ಮೂರನೆಯ ನಟ್ಟಿನ ಕಡೆ ಹೋಯಿತು. ಅಲ್ಲಿ ಅವಳು ಕೈ ತಡೆದಳು. ಇವನು ಇಷ್ಟು ಕಾಲ ಮಲಗಿ ಎದ್ದವನು, ಇನ್ನು ದುಡಿಯಲಿ. ಹೆಂಗಸರ ಹಾಗೆ ದುಡಿಯುತ್ತಲೇ ಬಂದ ಆ ಮೂವರಿಗೆ ಯಾವತ್ತು ಪುರುಸೊತ್ತು ಸಿಕ್ಕಿತ್ತು? ದಿನಕ್ಕೊಬ್ಬರಂತೆ ಸರದಿ ಆಗಲಿ.

ಪೂವಮ್ಮ ಸ್ಪಾನರನ್ನು ಮೊದಲನೆಯವಳ ನಟ್ಟಿಗೆ ಕೊಟ್ಟು ಅರ್ಧ ಸುತ್ತು ತಿರುಗಿಸಿದಳು.