ಸುಟ್ಟುಹೋಗದ ಕಿತ್ತಳೆ ತೋಟದ ಮಾಹಿತಿ

ನಮ್ಮ ಸಂಶೋಧನೆಯ ಮಾಹಿತಿ ಹೊರಗೆ ಕೊಡಲು ಶೈಲಜಾ ನನ್ನ ಒಪ್ಪಿಗೆ ಕೇಳಿದ್ದಳು. ನಾನು ಒಪ್ಪಿದ್ದೆ. ಆದರೆ ಸಂಸ್ಥೆಯ ನಿರ್ದೇಶಕರು ವಿಚಾರಿಸಿದಾಗ, “ನನಗೆ ಏನೂ ಗೊತ್ತಿಲ್ಲ” ಎಂದುಬಿಟ್ಟೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಹೆಂಡತಿಗೂ.

ನಾನು ಧಾರವಾಡದವನು. ನಾಗಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಿತ್ತಳೆ ಗಿಡಗಳ ರೋಗದ ವಿಭಾಗ ನನ್ನದು. ಶೈಲಜಾ ನನ್ನ ಕೈಕೆಳಗಿನ ಸಂಶೋಧಕಿ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ನೌಕರರ ಮಗಳು. ನಾಗಪುರದ ಹತ್ತಿರದ ಕಳಮೇಶ್ವರದ ಸುತ್ತಲಿನ ತೋಟಗಳಲ್ಲಿ ಇಬ್ಬರೂ ಬಿಸಿಲಲ್ಲಿ ಅಲೆದು ಮಣ್ಣು, ಬೇರು, ಎಲೆಗಳ ಮಾಹಿತಿ ಕೂಡಿಹಾಕಿದ್ದೆವು.

“ಸರ್, ಎಲ್ಲಾ ಒಂದ ಸರ್ವರ್‌ನ್ಯಾಗ ಇಟ್ರ ಬರೋಬರ್ ಅಲ್ರಿ,” ಎಂದಳು ಒಮ್ಮೆ. “ಸಣ್ಣ ಸಣ್ಣ ಕಾಲೇಜಿನವರು ಕೂಡ್ಯಾರ. ಹಳೇ ಕಂಪ್ಯೂಟರ್‌ನ್ಯಾಗ ಒಬ್ಬರದು ಇನ್ನೊಬ್ಬರು ಕಾಪಿ ಇಟ್ಕೋತಾರ. ನಮ್ದೂ ಕೊಡೂಣೇನ್ರಿ?”

“ಕೊಡವಾ,” ಎಂದಿದ್ದೆ.

ಸಂಸ್ಥೆಯ ಮಾಹಿತಿ ಹೊರಗೆ ಹೋಯಿತು, ಇದು ಕಳವು ಎಂದು ನಿರ್ದೇಶಕರು ಕೆಂಡವಾದರು. ನನಗೆ ಬಡ್ತಿಯ ಕಾಲ — ಇರಲಿ, ಅದರ ನೆಪ ಹೇಳುವುದಿಲ್ಲ. ಸುಳ್ಳು ಹೇಳಿದೆ. ಎದುರಿಗೇ ಇದ್ದ ಶೈಲಜಾ ನನ್ನ ಮುಖ ನೋಡಿದಳು. ಅವಳ ಕೆಲಸ ಹೋಯಿತು.

ಹೋದ ಬೇಸಿಗೆಯಲ್ಲಿ ನಮ್ಮ ಸರ್ವರ್ ಕೋಣೆಗೆ ಬೆಂಕಿ ಬಿತ್ತು. ಏನೂ ಉಳಿಯಲಿಲ್ಲ. ಬೇರೆ ದಾರಿ ಕಾಣದೆ ಆ ಕಾಲೇಜುಗಳ ಜಾಲದಲ್ಲಿ ಹುಡುಕಿದೆ. ನಮ್ಮ ಮಾಹಿತಿ ತುಂಡು ತುಂಡಾಗಿ ಬರತೊಡಗಿತು — ಒಂದಿಷ್ಟು ಅಸ್ಸಾಮಿನಿಂದ, ಒಂದಿಷ್ಟು ಸಮುದ್ರದಾಚೆ ಸೌರವಿದ್ಯುತ್ತಿನಲ್ಲೇ ನಡೆಯುವ ಯಾವುದೋ ಕಾಲೇಜಿನಿಂದ. ಎಲ್ಲವನ್ನೂ ಅಳಿಸಿ ಎಂದು, ಅವಳನ್ನು ತೆಗೆದಾಗ, ಸಂಸ್ಥೆಯಿಂದ ಆ ಕಾಲೇಜುಗಳಿಗೆ ಆಜ್ಞೆ ಮಾಡಿದ್ದೆವು. ಅಳಿಸಲು ಅಲ್ಲಿ ಒಬ್ಬ ಯಜಮಾನನೇ ಇರಲಿಲ್ಲ! ನಮ್ಮ ಅಳತೆಗಳ ಪಕ್ಕದಲ್ಲಿ ಯಾರ್ಯಾರೋ ತಮ್ಮೂರಿನ ನಿಂಬೆ, ಮೋಸಂಬಿ ಗಿಡಗಳ ಅಳತೆ ಸೇರಿಸಿದ್ದರು. ನಮಗೆ ಅರ್ಥವಾಗದ ಬೇರುಕೊಳೆಯ ಜಾಡನ್ನು, ನಾನೆಂದೂ ಕಾಣದ ಜನ ಹಿಡಿದಿದ್ದರು. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು ನೋಡಿದೆ. ಇಷ್ಟು ದೊಡ್ಡದನ್ನು ಅವರು ಕಳವು ಎಂದು ಕರೆಯಲು ನಾನು ಬಿಟ್ಟಿದ್ದೆ…

ಮಾಹಿತಿ ಉಳಿಸಿದನೆಂದು ಸಂಸ್ಥೆಯವರು ನನಗೆ ಶಾಲು ಹೊದಿಸಿದರು. ಆಗಲೂ ಶೈಲಜಾಳ ಹೆಸರು ಹೇಳಲಿಲ್ಲ.

ಶೈಲಜಾ ಈಗ ರಾಯಚೂರಿನಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ಫೋನ್ ಮಾಡಿ, ತಡವರಿಸುತ್ತ ತಪ್ಪೊಪ್ಪಿಕೊಂಡೆ.

“ನನಗ ಗೊತ್ತಿದ್ದದ್ದ ಐತ್ರಿ ಸರ್,” ಎಂದಳು ಅವಳು. “ನನಗ್ಯಾಕ ಹೇಳ್ತೀರಿ? ಅಲ್ಲೆ ಸಂಸ್ಥೆಯವರ ಮುಂದ ಹೇಳ್ರಿ.”

ಸೋಮವಾರ ಸಭೆಯಿದೆ. ಎಲ್ಲರೂ ಇರುತ್ತಾರೆ. ಹೇಳುತ್ತೇನೆ.