ಸಾಣೆಕಲ್ಲಿಗೆ ಕಿವಿಗೊಟ್ಟ ದಿನ

ನಾನು ದೇವದುರ್ಗದಿಂದ ರಾಯಚೂರಿಗೆ ಸೊಸೆಯಾಗಿ ಬಂದಾಗ ನಮ್ಮ ಮಾವನ ಕಮ್ಮಾರಸಾಲೆಯಲ್ಲಿ ಸಾಣೆಕಲ್ಲು ತಿರುಗಿಸುವ ಕೆಲಸ ಹೆಂಗಸರದು. ಕಲ್ಲಿನ ಅಚ್ಚಿಗೆ ಸುತ್ತಿದ ತೊಗಲಿನ ಬಾರನ್ನು ಈ ಕಡೆಯಿಂದ ಅತ್ತೆ ಎಳೆದರೆ ಆ ಕಡೆಯಿಂದ ನಾನು ಎಳೆಯಬೇಕು. ಕಲ್ಲು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತಿದ್ದಾಗ ನನ್ನ ಗಂಡ ಅದರ ಮೇಲೆ ಚೂರಿ, ಈಳಿಗೆ, ಕುಡಗೋಲುಗಳನ್ನು ಹಿಡಿದು ಅಲಗು ತೆಗೆಯುತ್ತಿದ್ದರು. ಅತ್ತೆಗೆ ಬಾರು ಎಳೆಯುವುದೂ ಒಂದೇ, ಮಾತಾಡುವುದೂ ಒಂದೇ, ಎರಡೂ ನಿಲ್ಲುತ್ತಿರಲಿಲ್ಲ. ತೀನ್ ಕಂದೀಲು ಚೌಕದ ಹತ್ತಿರ ಯಾರ ಅಂಗಡಿ, ಕೋಟೆ ಗೋಡೆಯ ಕೆಳಗೆ ಯಾರ ಮನೆ, ಯಾರಿಗೆ ಯಾರ ಮೇಲೆ ಮುನಿಸು ಎಂಬುದನ್ನೆಲ್ಲ ನಾನು ಕಂಡದ್ದಕ್ಕಿಂತ ಮೊದಲು ಆ ಬಾರಿನ ಆಚೆ ತುದಿಯಿಂದ ಕೇಳಿ ತಿಳಿದುಕೊಂಡೆ.

ಎರಡನೇ ಮಹಾಯುದ್ಧ ಮುಗಿದು, ಎಣ್ಣೆ ಮತ್ತೆ ಅಷ್ಟಿಷ್ಟು ಸಿಗುವಂತಾದ ಮೇಲೆ ಮಾವ ಹತ್ತಿ ಗಿರಣಿಯವರು ತೆಗೆದುಹಾಕಿದ್ದ ಒಂದು ಹಳೆಯ ಎಣ್ಣೆ ಇಂಜಿನ್ ತಂದರು. ಅದನ್ನು ಸಾಲೆಯ ಹಿಂಬದಿಯಲ್ಲಿ, ಕಲ್ಲುಗೋಡೆಯ ಆಚೆ ಒಂದು ಮಾಡು ಕಟ್ಟಿ ಕೂಡಿಸಿದರು. ಗೋಡೆಗೆ ಕಿಂಡಿ ಕೊರೆದು, ಅದರೊಳಗಿಂದ ಉದ್ದನೆಯ ಪಟ್ಟಾ ಹಾಯಿಸಿ ಬೇರೊಂದು ಸಾಣೆಕಲ್ಲಿನ ಅಚ್ಚಿನ ಗಾಲಿಗೆ ಜೋಡಿಸಿದರು, ನಾವು ಬಾರು ಎಳೆಯುತ್ತಿದ್ದ ಕೈಗಲ್ಲು ಮೂಲೆ ಸೇರಿತು. ಅದನ್ನು ನಡೆಸಲು ಬಂದವರು ಅದೇ ಗಿರಣಿಯಲ್ಲಿ ಜೀವನವಿಡೀ ದುಡಿದು ಮುದುಕರಾಗಿದ್ದ ಮಿಸ್ತ್ರಿ. ಓಣಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ಚಾಚಾ ಮೊದಲ ದಿನ ಇಂಜಿನ್ ಮುಟ್ಟಲೇ ಇಲ್ಲ. ಮನೆಯವರನ್ನೆಲ್ಲ ಅಂಗಳದಲ್ಲಿ ಕೂಡಿಸಿಕೊಂಡು ಪಟ್ಟಾ ತೋರಿಸಿದರು.

“ಇದಕ್ಕ ಮನಿಯೋರು, ಹೊರಗಿನೋರು ಅನ್ನೂದು ಗೊತ್ತಿಲ್ಲ. ಸಿಕ್ಕದ್ದು ಎಳಕೊಳ್ತದ. ಸೆರಗು, ಕೂದಲು, ಧೋತರದ ಚುಂಗು ಯಾವುದೂ ಇದರ ಹತ್ರ ತರಬ್ಯಾಡ್ರಿ.”

ಕಲ್ಲು ತಿರುಗುವಾಗ ಅಲಗು ಹಿಡಿಯುವವರನ್ನು ಬಿಟ್ಟು ಉಳಿದವರು ಅದರ ಎದುರಿಗೆ ನಿಲ್ಲದೆ ಒಂದು ಮಗ್ಗುಲಿಗೆ ನಿಲ್ಲಬೇಕು, ಅಲಗು ಹಿಡಿದವರನ್ನು ಮಾತಾಡಿಸಬಾರದು, ಇಂಜಿನ್ ಪೂರಾ ನಿಲ್ಲುವ ತನಕ ಯಾವುದಕ್ಕೂ ಕೈ ಹಾಕಬಾರದು ಎಂದು ಒಂದೊಂದಾಗಿ ಹೇಳಿದರು. ಎಲ್ಲಿಂದಲೋ ಮೋಟಾರು ಓಡಿಸುವವರ ಹಳೆಯ ದೊಡ್ಡ ಕನ್ನಡಕವನ್ನೂ ತಂದು ನನ್ನ ಗಂಡನಿಗೆ ಕೊಟ್ಟರು. ಅದನ್ನು ಹಾಕಿಕೊಂಡ ಗಂಡನನ್ನು ನೋಡಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅತ್ತೆ ಮುಚ್ಚಿಕೊಳ್ಳಲಿಲ್ಲ, ಗೊಳ್ಳನೆ ನಕ್ಕೇಬಿಟ್ಟರು.

ಮಾವ ಎಲ್ಲಕ್ಕೂ ಹೂಂ ಎಂದರು, ಆದರೆ ತಲೆಯ ರುಮಾಲು ತೆಗೆಯಲು ಮಾತ್ರ ಒಪ್ಪಲಿಲ್ಲ. ಹಿರಿಯ ಮನುಷ್ಯ ಬರಿದಲೆಯಲ್ಲಿ ನಿಲ್ಲುವುದೆಂದರೇನು ಎಂದು ಅವರ ಮಾತು. ಒಂದು ದಿನ ಬಗ್ಗಿ ಏನೋ ನೋಡುತ್ತಿದ್ದಾಗ ರುಮಾಲಿನ ತುದಿ ಸಡಿಲಾಗಿ ಜೋತಿತು. ಪಟ್ಟಾ ಅದನ್ನು ಹಿಡಿದುಕೊಂಡಿತು. ಸುತ್ತು ಸಡಿಲಾಗಿದ್ದದ್ದೇ ಪುಣ್ಯ, ರುಮಾಲು ತಲೆಯಿಂದ ಹಗುರಾಗಿ ಬಿಚ್ಚಿಕೊಂಡು ಹೋಗಿ ಗೋಡೆಯ ಕಿಂಡಿಯಲ್ಲಿ ಮಾಯವಾಯಿತು. ಮಾವನಿಗೆ ಒಂದು ಗೀರೂ ಆಗಲಿಲ್ಲ. ಆಚೆಯಿಂದ ಚಾಚಾ ಇಂಜಿನ್ ನಿಲ್ಲಿಸಿ, ಎಣ್ಣೆಯಲ್ಲಿ ಮಿಂದು ಚಿಂದಿಯಾದ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮಾವನ ಮುಂದಿಟ್ಟರು. ಮಾವ ಬೋಳುತಲೆ ಸವರಿಕೊಂಡು ತಾವೇ ಮೊದಲು ನಕ್ಕರು.

ಅಂದಿನಿಂದ ಅತ್ತೆ ಬಾಗಿಲ ಕಾವಲಿಗೆ ನಿಂತರು. ಯಾರೇ ಬರಲಿ, ರುಮಾಲು, ಶಲ್ಲೆ ಗೂಟಕ್ಕೆ ಹಾಕಿಯೇ ಒಳಗೆ ಹೋಗಬೇಕು. ನನಗೂ ತಮಗೂ ಕಚ್ಚೆ ಹಾಕಿ ಸೀರೆ ಉಡುವುದನ್ನು, ತುರುಬು ಬಿಗಿಯುವುದನ್ನು ಕಡ್ಡಾಯ ಮಾಡಿದರು. ಒಮ್ಮೆ ಊರ ಸಾಹುಕಾರರೊಬ್ಬರು ಈಳಿಗೆ ಕೊಳ್ಳಲು ಬಂದಾಗ ಅವರ ಜರಿ ರುಮಾಲನ್ನೂ ಬಿಡಲಿಲ್ಲ. ಆ ಮನುಷ್ಯ ಹೊಸ್ತಿಲಲ್ಲೇ ನಿಂತು ವ್ಯಾಪಾರ ಮುಗಿಸಿಕೊಂಡು ಹೋದರು.

ಹೀಗೆ ಇಂಜಿನ್ನಿಗೆ ನಾವು ಒಗ್ಗಿಕೊಳ್ಳುವಷ್ಟರಲ್ಲಿ ಸಾಣೆಕಲ್ಲು ಸವೆದು ಸಣ್ಣದಾಯಿತು. ಜೋಳದ ಸುಗ್ಗಿ ಹತ್ತಿರ ಬಂದಿತ್ತು. ದೇವದುರ್ಗದಲ್ಲಿ ನನ್ನ ಅಪ್ಪ ಸಂತೆಯಲ್ಲಿ ಮಾರಲು ನಮ್ಮ ಕುಡಗೋಲುಗಳ ದಾರಿ ಕಾಯುತ್ತಿದ್ದರು. ಹತ್ತಿರದ ಅರಕೇರಾದ ರೈತರು ಅವರನ್ನು ಆಗಲೇ ಕೇಳತೊಡಗಿದ್ದರಂತೆ. ಮಾನ್ವಿಯಲ್ಲಿದ್ದ ಮಾವನ ಬೀಗರೊಬ್ಬರು ತಮ್ಮಲ್ಲಿ ಒಂದು ದೊಡ್ಡ ಕಲ್ಲು ಸುಮ್ಮನೆ ಬಿದ್ದಿದೆ ಎಂದು ಎತ್ತಿನ ಬಂಡಿಯಲ್ಲಿ ಕಳಿಸಿಕೊಟ್ಟರು. ಹುಲ್ಲಿನ ಮೆತ್ತೆಯ ಮೇಲೆ ಮಲಗಿಸಿಕೊಂಡು ಬಂದ ಆ ಕಲ್ಲು ನೋಡಲು ಬಲು ಚೆಂದವಿತ್ತು, ಹುಣ್ಣಿಮೆ ಚಂದ್ರನಂಥ ದುಂಡು. ಮನೆಯಲ್ಲೆಲ್ಲ ಹಬ್ಬದ ಸಡಗರ. ಅತ್ತೆ ಅದಕ್ಕೆ ಕುಂಕುಮ ಹಚ್ಚಿದರು.

ಚಾಚಾ ಮಾತ್ರ ಅದನ್ನು ಹಾಗೇ ಅಚ್ಚಿಗೆ ಏರಿಸಲು ಒಪ್ಪಲಿಲ್ಲ. ಹೊಸ ಕಲ್ಲನ್ನು ನಡುವಿನ ತೂತಿನಿಂದ ತೂಗುಹಾಕಿ, ಕಟ್ಟಿಗೆಯ ಹಿಡಿಯಿಂದ ಸುತ್ತಲೂ ತಟ್ಟಿ ಕೇಳಬೇಕು, ಒಳಗೆ ಸೀಳು ಇದ್ದರೆ ದನಿ ಹೇಳುತ್ತದೆ ಎಂದರು. ಬೇವಿನ ಮರದ ಕೊಂಬೆಗೆ ಹಗ್ಗ ಬಿಗಿದು ಕಲ್ಲನ್ನು ತೂಗುಹಾಕಿದರು. ತಟ್ಟಿದ್ದೂ ಆಯಿತು, ಆದರೆ ಕೇಳುವವರು ಯಾರು? ಗಿರಣಿಯ ಸಪ್ಪಳದಲ್ಲಿ ಚಾಚಾನ ಕಿವಿ ಮಂದವಾಗಿತ್ತು. ಸುತ್ತಿಗೆಯ ಸಪ್ಪಳದಲ್ಲಿ ಮಾವನ ಕಿವಿಯೂ ಹೋಗಿತ್ತು, ನನ್ನ ಗಂಡನದೂ ಅದೇ ದಾರಿ ಹಿಡಿದಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಚಾ ನನ್ನ ಕಡೆ ತಿರುಗಿ, ಬಾ ಬೇಟಿ, ನೀನು ಕೇಳು ಎಂದರು.

ನನಗೆ ಕಲ್ಲಿನ ಸಂಗತಿ ಏನೂ ಗೊತ್ತಿರಲಿಲ್ಲ. ಆದರೆ ದೇವದುರ್ಗದ ಸಂತೆಯಲ್ಲಿ ನನ್ನವ್ವ ಗಡಿಗೆ ಕೊಳ್ಳುವಾಗ ಬೆರಳಗೆಣ್ಣಿನಿಂದ ತಟ್ಟಿ, ನನ್ನ ಕೈಯಲ್ಲೂ ತಟ್ಟಿಸಿ, ಯಾವುದು ತಗೊಳ್ಳೋಣ ಹೇಳು ಎನ್ನುತ್ತಿದ್ದಳು. ಅತ್ತೆಯನ್ನು ಸ್ವಲ್ಪ ಹೊತ್ತು ಸುಮ್ಮನಿರಲು ಬೇಡಿಕೊಂಡು ನಾನು ಕಲ್ಲಿನ ಹತ್ತಿರ ಕಿವಿ ಒಡ್ಡಿದೆ. ಚಾಚಾ ಮೇಲೆ ತಟ್ಟಿದರು, ಗಂಟೆಯ ದನಿ ಬಂತು. ಬಲಕ್ಕೆ ತಟ್ಟಿದರು, ಅದೇ ದನಿ. ಕೆಳಗೆ ತಟ್ಟಿದಾಗ ದನಿ ಥಟ್ಟನೆ ಸತ್ತುಹೋಯಿತು. ಒಡಕು ಗಡಿಗೆ ಹಾಗೇ ಸದ್ದು ಮಾಡುವುದು. ಮತ್ತೊಮ್ಮೆ ತಟ್ಟಿಸಿದೆ. ಮತ್ತೂ ಹಾಗೇ.

ಕಣ್ಣಿಗೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. ನನ್ನ ಗಂಡ ಕೈಯಿಂದ ಸವರಿ ನೋಡಿ, ಎಲ್ಲಾ ಸರಿ ಇದೆ, ಸುಗ್ಗಿ ಮುಗಿದ ಮೇಲೆ ಕುಡಗೋಲು ಯಾರಿಗೆ ಬೇಕು ಎಂದು ಗೊಣಗಿದರು. ನನಗೂ ಅಳುಕು. ಕಾಯುತ್ತಿದ್ದದ್ದು ನನ್ನ ಅಪ್ಪನೇ ಅಲ್ಲವೇ? ಮಾವ ತಾವೂ ಕಿವಿಗೊಟ್ಟು ಕೇಳಿದರು.

“ನನಗ ಎಲ್ಲಾ ಕಡೆ ಒಂದ ಕೇಳ್ತದ. ನಿನಗ ಖಾತ್ರಿ ಅದ ಏನವ್ವಾ?”

“ಖಾತ್ರಿ ಅದರೀ ಮಾವ. ಈ ಕಲ್ಲಿನ ಮುಂದ ಇವರನ್ನ ನಿಲ್ಲಸಬ್ಯಾಡ್ರಿ.”

ಗಂಡನನ್ನು ಇವರನ್ನ ಎಂದು ನಾನು ಹೇಳಿದ್ದು ಎಲ್ಲರ ಎದುರಿಗೆ. ಆ ಕಾಲಕ್ಕೆ ಅದೊಂದು ದೊಡ್ಡ ಮಾತು. ನನ್ನ ಮುಖ ಬಿಸಿಯಾಯಿತು, ಗಂಡ ನೆಲ ನೋಡಿದರು. ಅತ್ತೆ ಮುಂದೆ ಬಂದು ನನ್ನ ಪಕ್ಕಕ್ಕೆ ನಿಂತರು.

ಚಾಚಾ ಒಂದು ದಾರಿ ಹೇಳಿದರು. ಕಲ್ಲನ್ನು ಅಚ್ಚಿಗೆ ಏರಿಸೋಣ, ಸಾಲೆಯಲ್ಲಿ ಒಬ್ಬರೂ ಇರುವುದು ಬೇಡ, ಗೋಡೆಯ ಆಚೆಯಿಂದ ಖಾಲಿ ತಿರುಗಿಸಿ ನೋಡೋಣ. ಹಾಗೇ ಮಾಡಿದರು. ಚಾಚಾ, ನನ್ನ ಗಂಡ ಇಂಜಿನ್ನಿನ ಹತ್ತಿರ ನಿಂತರು. ಅತ್ತೆ, ಮಾವ, ನಾನು ಪಕ್ಕದ ಮನೆಯ ಕಲ್ಲುಗೋಡೆಯ ಹಿಂದೆ ಹೋಗಿ ಕೂತೆವು. ಇಂಜಿನ್ ಡುಗುಡುಗು ಎಂದು ಶುರುವಾಯಿತು, ವೇಗ ಏರಿತು, ಕಲ್ಲು ಚೆನ್ನಾಗಿಯೇ ತಿರುಗುತ್ತಿತ್ತು. ನನಗೆ ನಾಚಿಕೆಯಾಗತೊಡಗಿತು. ಅಷ್ಟರಲ್ಲಿ ಕಿವಿ ಗಡಚಿಕ್ಕುವಂಥ ಒಂದು ಸದ್ದು ಬಂತು. ಸಾಲೆಯ ತಗಡಿನ ಮಾಡು ಹರಿದು, ಒಂದು ದೊಡ್ಡ ಚೂರು ಮೇಲೆ ಹಾರಿ ಅಂಗಳದ ಹೊರಸು ಮಂಚದ ಮೇಲೆ ಬಿತ್ತು. ಹೊರಸು ಎರಡಾಯಿತು.

ಇಂಜಿನ್ ಪೂರಾ ನಿಂತ ಮೇಲೆ ಒಳಗೆ ಹೋದೆವು. ಗಂಡ ದಿನವೂ ನಿಲ್ಲುತ್ತಿದ್ದ ಜಾಗದ ಹಿಂದೆ, ಎದೆಯೆತ್ತರಕ್ಕೆ, ಮುಂಬದಿಯ ಮಣ್ಣಿನ ಗೋಡೆಯಲ್ಲಿ ಇನ್ನೊಂದು ಚೂರು ನೆಟ್ಟುಕೊಂಡಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿದರು. ನನ್ನ ಕಡೆ ನೋಡಿದರು. ಆ ನೋಟ ನನಗೆ ಈಗಲೂ ಸಾಕು. ಕಲ್ಲು ತಂದು ಇನ್ನೂ ಅಲ್ಲೇ ಉಳಿದಿದ್ದ ಬಂಡಿಯವನನ್ನು ಕೇಳಿದಾಗ, ಹಳ್ಳ ದಾಟುವಾಗ ಕಲ್ಲು ಒಮ್ಮೆ ಬಂಡೆಯ ಮೇಲೆ ಉರುಳಿ ಬಿದ್ದಿತ್ತು, ಕಲ್ಲಿಗೇನು ಪೆಟ್ಟಾಗುತ್ತದೆಂದು ಹೇಳಲಿಲ್ಲ ಎಂದ. ಅವನನ್ನು ಯಾರೂ ಬೈಯಲಿಲ್ಲ. ಅತ್ತೆ ಒಳಗೆ ಹೋಗಿ ಬೆಲ್ಲದ ಹೆಂಟೆ ತಂದು ಮೊದಲು ನನ್ನ ಬಾಯಿಗೆ, ಆಮೇಲೆ ಚಾಚಾನ ಕೈಗೆ, ಕೊನೆಗೆ ಬಂಡಿಯವನಿಗೂ ಕೊಟ್ಟರು. ಮಾವ ಮುರಿದ ಹೊರಸಿನ ಹತ್ತಿರ ನಿಂತು, ತಾವು ದಿನಾ ಮಧ್ಯಾಹ್ನ ಅದರ ಮೇಲೆ ಮಲಗುವ ಹೊತ್ತು ಇದೇ ಎಂದರು. ಅಲ್ಲಿಗೆ ಎಲ್ಲರ ಅಂಜಿಕೆಯೂ ನಗೆಯಾಗಿ ಹೊರಬಿತ್ತು.

ಆ ಸುಗ್ಗಿಗೆ ಮೂಲೆಯಲ್ಲಿದ್ದ ಹಳೆಯ ಕೈಗಲ್ಲನ್ನೇ ಹೊರತೆಗೆದೆವು. ಓಣಿಯ ಹೆಂಗಸರೆಲ್ಲ ಸರತಿಯ ಮೇಲೆ ಬಾರು ಎಳೆಯಲು ಬಂದರು. ಒಬ್ಬಳು ಬೀಸುವ ಪದ ಎತ್ತಿಕೊಂಡರೆ ಉಳಿದವರು ದನಿಗೂಡಿಸುತ್ತಿದ್ದರು, ಕುಡಗೋಲಿನ ಅಲಗಿನಿಂದ ಕಿಡಿ ಸಿಡಿಯುತ್ತಿತ್ತು. ಚಾಚಾ ಸುಮ್ಮನೆ ಕೂಡಲಿಲ್ಲ. ಮುರಿದ ಹೊರಸಿನ ಪಟ್ಟಿಗಳಿಂದ ಪಟ್ಟಾದ ಸುತ್ತ ಒಂದು ಗಟ್ಟಿ ಬೇಲಿ ಕಟ್ಟಿದರು. ಆಮೇಲೆ ತಂದ ಕಲ್ಲುಗಳನ್ನೆಲ್ಲ ನಾನು ತಟ್ಟಿ ಕೇಳಿ ಹೂಂ ಎಂದ ಮೇಲೆಯೇ ಅಚ್ಚಿಗೆ ಏರಿಸಿದರು.

ಕುಡಗೋಲು ಹೊತ್ತಿಗೆ ಸರಿಯಾಗಿ ಮುಗಿದವು. ಅವುಗಳನ್ನು ಕಟ್ಟಿಕೊಂಡು ನಾವು ಬಂಡಿಯಲ್ಲಿ ದೇವದುರ್ಗಕ್ಕೆ ಹೊರಟಾಗ ಅತ್ತೆಯೂ ಬರುತ್ತೇನೆಂದು ಹಟ ಹಿಡಿದು ಹತ್ತಿ ಕೂತರು. ದಾರಿಯ ಊರೂರಿನಲ್ಲಿ ನೀರು ಕುಡಿಯಲು ನಿಂತಲ್ಲೆಲ್ಲ ಆ ಕಲ್ಲಿನ ಕಥೆ ಹೇಳಿದರು. ಒಂದೊಂದು ಊರಿಗೆ ಕಲ್ಲು ಒಂದಿಷ್ಟು ದೊಡ್ಡದಾಗುತ್ತ ಹೋಯಿತು. ನಮ್ಮ ತವರಿನ ಅಂಗಳಕ್ಕೆ ಬರುವಷ್ಟರಲ್ಲಿ ಅದು ಬಂಡಿಯ ಗಾಲಿಯಷ್ಟಾಗಿತ್ತು, ಅದರ ಸದ್ದು ಕೋಟೆಯ ಮೇಲಿನವರಿಗೂ ಕೇಳಿತ್ತು. ನನ್ನವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈ ಹಾಗೇ ಮೇಲೆತ್ತಿಕೊಂಡು ಕೇಳುತ್ತಿದ್ದಳು. ಅಪ್ಪ ಕುಡಗೋಲುಗಳನ್ನು ಬಿಚ್ಚಿ ನೋಡುತ್ತಿದ್ದರು. ನನ್ನ ಗಂಡ ನನಗಷ್ಟೇ ಕೇಳುವ ಹಾಗೆ, ನಿಮ್ಮತ್ತಿ ಇನ್ನೊಂದು ಸಲ ಹೇಳಿದ್ರ ನಾನು ಆ ಕಥಿಯೊಳಗ ಸತ್ತು ಮತ್ತ ಹುಟ್ಟಿ ಬಂದಂಗಾಗ್ತದ ಎಂದರು. ನಾನು ನಕ್ಕದ್ದು ಎಲ್ಲರಿಗೂ ಕೇಳಿಸಿತು. ಅವ್ವ ಒಳಗೆ ಕರೆದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಗಂಡಸರಿಗಿಂತ ಮೊದಲು ಆ ದಿನ ಅತ್ತೆಗೂ ನನಗೂ ಎಡೆ ಹಾಕಿದಳು.